ಎರಡು ಖಾಲಿ ಕೋಣೆ

ಹೃದಯದ ಚಿತ್ರವಿದ್ದ ಹಾಳೆ ಒಂದೇ ಇದ್ದದ್ದು ಇಷ್ಟಕ್ಕೆಲ್ಲ ಮೂಲವಾಯಿತು.

ಆರೋಗ್ಯ ಕೇಂದ್ರದ ಹೊರಗೋಡೆಯ ಮೇಲೆ ಅದನ್ನು ದೊಡ್ಡದಾಗಿ ಬರೆಯುವ ಕೆಲಸ ಪೇಂಟರನ ಪಾಲಿಗೆ ಬಂದಿತ್ತು. ಸಂಜೆ ದೊಡ್ಡ ಡಾಕ್ಟರಮ್ಮ ಬಂದಾಗ ಅದೇ ಗೋಡೆಯ ಮುಂದೆ ನಿಂತು, ಮೈಯಲ್ಲಿ ರಕ್ತ ಹೇಗೆ ಓಡಾಡುತ್ತದೆಂದು ಊರವರಿಗೆ ವಿವರಿಸುವ ಕೆಲಸ ಅವನ ಹೆಂಡತಿಯ ಪಾಲಿಗೆ ಬಂದಿತ್ತು. ಆಕೆ ಆ ಕೇಂದ್ರದ ಪರವಾಗಿ ಮನೆಮನೆ ಸುತ್ತುವ ಕಾರ್ಯಕರ್ತೆ. ಮಕ್ಕಳ ತೂಕ, ಬಾಣಂತಿಯರ ಆರೈಕೆ ಎಲ್ಲವೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಹೃದಯದ ಪಾಠ ಮಾತ್ರ ಹೊಸದು. ಇವತ್ತು ಅದನ್ನು ಸರಿಯಾಗಿ ಒಪ್ಪಿಸಿದರೆ ಕೆಲಸ ಕಾಯಂ ಎಂದು ನರ್ಸಮ್ಮ ಹೇಳಿದ್ದರು.

"ಹಾಳೆ ನೀವೇ ಇಟ್ಕೊಳ್ಳಿ," ಎಂದಳು ಬೆಳಿಗ್ಗೆ, ಚೀಲ ಹೆಗಲಿಗೇರಿಸುತ್ತ. "ಮಧ್ಯಾಹ್ನ ಬಂದು ಗೋಡೆ ನೋಡೇ ಬಾಯಿಪಾಠ ಮಾಡ್ಕೋತೀನಿ. ಹರಟೆ ಹೊಡೀತಾ ಕೂತ್ಕೋಬೇಡಿ ಮತ್ತೆ."

"ನಾನೆಲ್ಲಿ ಹರಟೆ ಹೊಡೀತೀನಿ? ಹೊಡೆಯೋರು ಅವರು. ನಾನು ಹೂಂ ಅಂತೀನಿ, ಅಷ್ಟೆ."

ಕಷ್ಟವಿದ್ದದ್ದೇ ಆ ಹೂಂನಲ್ಲಿ. ಗೋಡೆಯ ಮುಂದೆ ನಿಂತು ನೋಡುವವರೆಲ್ಲ ಮುಂದೊಂದು ದಿನ ಬೋರ್ಡು ಬರೆಸುವ ಗಿರಾಕಿಗಳು, ಅವರಿಗೆ ಎದುರಾಡಬಾರದು ಎಂಬುದು ಅವನು ಕುಂಚ ಹಿಡಿದಂದಿನಿಂದ ನಡೆಸಿಕೊಂಡು ಬಂದ ಪದ್ಧತಿ. ಚಹಾದಂಗಡಿಯವನು ಕೇಳಿದನೆಂದು ಅವನ ಬೋರ್ಡಿನ ಮೇಲಿನ ಚಹಾ ಕಪ್ಪಿಗೆ ಎರಡು ಹಿಡಿಕೆ ಬರೆದುಕೊಟ್ಟಿದ್ದ.

ಬಿಸಿಲೇರುವ ಹೊತ್ತಿಗೆ ಗೋಡೆಯ ಮೇಲೆ ಹೃದಯ ಮೂಡಿತು. ನಾಲ್ಕು ಕೋಣೆ, ನಡುನಡುವೆ ಒಂದೇ ಕಡೆಗೆ ತೆರೆಯುವ ಕವಾಟ, ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಕೆಂಪು, ಮೇಲೆ ಶ್ವಾಸಕೋಶ, ದಾರಿ ತೋರಿಸುವ ಬಾಣಗಳು. ಎಲ್ಲವೂ ಹಾಳೆಯಲ್ಲಿದ್ದ ಹಾಗೆಯೇ.

ಮೊದಲು ಬಂದವನು ಆ ಚಹಾದಂಗಡಿಯವನೇ. ಗೋಡೆಗೆ ಎದುರಾಗಿ ನಿಂತು, ತನ್ನ ಎರಡೂ ಕೈ ಎತ್ತಿ ನೋಡಿಕೊಂಡ.

"ತಮ್ಮಾ, ಎಡಗಡೆ ಇರೋ ಕೋಣೆಗೆ ಬಲ ಅಂತ ಬರ್ದಿದ್ದೀಯಲ್ಲೋ!"

"ಹಾಳೇಲಿ ಹಂಗೇ ಇದೆ ಅಣ್ಣಾ."

"ಅಚ್ಚು ಹಾಕಿದೋನು ನಿದ್ದೆಗಣ್ಣಲ್ಲಿ ಹಾಕಿರ್ಬೇಕು. ನಿನ್ನ ಕಣ್ಣಿಗೇನಾಗಿದೆ?"

ಪೇಂಟರು ಹೂಂ ಎಂದ. ಬಲ ಎಡವಾಯಿತು, ಎಡ ಬಲವಾಯಿತು.

ಎದುರಿನ ದರ್ಜಿ ಹೊಲಿಗೆ ಬಿಟ್ಟು ಎದ್ದು ಬಂದ. "ರಕ್ತಕ್ಕೆ ನೀಲಿ ಬಣ್ಣಾನ? ದಿನಾ ಸೂಜಿ ಚುಚ್ಚಿಸ್ಕೊಳ್ಳೋನು ನಾನು. ಒಂದು ದಿನವಾದ್ರೂ ನೀಲಿ ಬಂದಿದ್ರೆ ಕೇಳು!" ಎಂದು ಸಾಕ್ಷಿಗೆ ಬೆರಳು ಮುಂದೆ ಹಿಡಿದ.

ನೀಲಿಯೂ ಕೆಂಪಾಯಿತು. ಹೃದಯ ಹೋಳು ಮಾಡಿದ ಕಲ್ಲಂಗಡಿಯ ಹಾಗೆ ಹೊಳೆಯತೊಡಗಿತು.

ಆಮೇಲೆ ಹಿಟ್ಟಿನ ಗಿರಣಿಯವನು, ಹುಬ್ಬಿನ ತುಂಬ ಹಿಟ್ಟು ಹೊತ್ತುಕೊಂಡು.

"ಈ ಬಾಣ ಯಾವ ಕಡೆಗೆ?"

"ಶ್ವಾಸಕೋಶಕ್ಕೆ. ಅಲ್ಲಿ ಶುದ್ಧವಾಗಿ ಮತ್ತೆ ಹೃದಯಕ್ಕೆ ಬರುತ್ತೆ. ಆಮೇಲೆ ಮೈಗೆಲ್ಲ."

"ಶುದ್ಧವಾದ್ಮೇಲೆ ವಾಪಸ್ ಯಾಕೆ? ಹೊಲದಿಂದ ಬಂದ ಕಾಳು ಗಿರಣೀಲಿ ಹಿಟ್ಟಾಯ್ತು. ಹಿಟ್ಟನ್ನ ಮತ್ತೆ ಹೊಲಕ್ಕೆ ಹೊತ್ಕೊಂಡು ಹೋಗ್ತೀಯಾ? ನೇರ ಹೋಗ್ಬೇಕಪ್ಪ. ಡಬಲ್ ಕೆಲಸ ಯಾರು ಮಾಡ್ತಾರೆ?"

"ಹಂಗಾದ್ರೆ ಈ ಎರಡು ಕೋಣೆ?"

"ಖಾಲಿ ಇರ್ಲಿ. ಗಾಳಿ ಆಡುತ್ತೆ."

ಬಾಣಗಳೂ ತಿರುಗಿದವು. ಅಷ್ಟರಲ್ಲಿ ಕೆಂಪು ಬಣ್ಣ ತಳ ಕಂಡಿತು. ಪೇಂಟರು ಇನ್ನೊಂದು ಡಬ್ಬಿ ತರಲು ಮನೆಗೆ ಹೋಗಿ ಬರುವಾಗ ದರ್ಜಿ ಕೂಗಿ ಹೇಳಿದ, "ನಿನ್ನ ಹೆಂಡ್ತಿ ಬಂದು ಹೋದ್ಲು. ಗೋಡೆ ನೋಡಿ ಮುಖ ಅರಳಿತು ಬಿಡು!" ಪೇಂಟರನ ಮುಖವೂ ಅರಳಿತು.

ಅದು ಬಾಡಿದ್ದು, ನರ್ಸಮ್ಮ ಕುರ್ಚಿ ಹಾಕಿಸಲು ಬಂದಾಗ.

"ಅಯ್ಯೋ ದೇವರೇ! ಇವನು ಸತ್ತು ಎಷ್ಟು ದಿನ ಆಯ್ತು?"

"ಯಾರಮ್ಮ?"

"ನಿನ್ನ ಗೋಡೆ ಮೇಲಿರೋನು!" ಯಾರ್ಯಾರು ಏನೇನು ಹೇಳಿದರೆಂದು ಪೇಂಟರು ಒಪ್ಪಿಸಿದ. "ನೋಡು, ಅವನು ನಮ್ಮ ಕಡೆ ಮುಖ ಮಾಡಿ ನಿಂತಿದ್ದಾನೆ ಕಣಯ್ಯಾ, ಅವನ ಬಲ ನಮಗೆ ಎಡ. ನೀಲಿ ಅನ್ನೋದು ಕೆಟ್ಟ ರಕ್ತದ ಗುರುತು, ಅದರ ಬಣ್ಣ ಅಲ್ಲ. ಶುದ್ಧವಾದ ರಕ್ತ ಎಡಗಡೆ ಕೋಣೆಗೆ ಬರದೆ ಹೋದ್ರೆ, ಕಾಲ್ಬೆರಳ ತುದಿವರೆಗೂ ಅದನ್ನ ತಳ್ಳೋರು ಯಾರು? ಗಿರಣಿಯವನಾ? ಡಾಕ್ಟರಮ್ಮ ಇದನ್ನ ನೋಡಿದ್ರೆ ನಿನ್ನ ಹೆಂಡ್ತಿ ಕೆಲಸ ಹೋಯ್ತು ಅಂತಾನೇ ತಿಳ್ಕೋ."

ಪೇಂಟರನ ನಾಲ್ಕೂ ಕೋಣೆಗಳು ಒಟ್ಟಿಗೆ ಬಡಿದುಕೊಂಡವು. ಹಾಳೆ ಬಿಚ್ಚಿಟ್ಟುಕೊಂಡು, ಬಂದವರತ್ತ ಕಣ್ಣೆತ್ತದೆ, ಜೀವಮಾನದಲ್ಲಿ ಮೊದಲ ಸಲ ಯಾರಿಗೂ ಹೂಂ ಎನ್ನದೆ ಬರೆದ. ಜೀಪು ಬಂದು ನಿಂತಾಗ ಕೊನೆಯ ಬಾಣ ಇನ್ನೂ ಹಸಿಯಾಗಿತ್ತು. ಗೋಡೆ ಮಾತ್ರ ಹಾಳೆಯ ಅಪ್ಪಟ ಪಡಿಯಚ್ಚು. ಅವನು ಕೈ ಒರೆಸಿಕೊಂಡು ಮೂಲೆಯಲ್ಲಿ ನಿಂತ.

ಕೊನೆಯ ಮನೆ ಮುಗಿಸಿ ಓಡಿಬಂದ ಹೆಂಡತಿ, ಏದುಸಿರು ತಡೆದುಕೊಂಡು ಕೋಲು ಹಿಡಿದಳು. ಬಾಯಿಪಾಠವಾಗಿದೆಯೆಂಬ ಧೈರ್ಯಕ್ಕೆ ಗೋಡೆಗೆ ಬೆನ್ನು ಹಾಕಿಯೇ ನಿಂತು, ಗಂಡನ ಕಡೆ ಒಂದು ನಗೆ ಬೀರಿ ಶುರುಮಾಡಿದಳು.

"ಮೈಯಲ್ಲಿರೋ ಕೆಟ್ಟ ರಕ್ತ ಎಲ್ಲಾ ಹೃದಯದ ಎಡಗಡೆ ಮೇಲಿನ ಕೋಣೆಗೆ ಬರುತ್ತೆ."

ಪೇಂಟರನ ಕೈಯಿಂದ ಕುಂಚ ಬಿತ್ತು.

"ಅಲ್ಲಿಂದ ಕೆಳಗಿನ ಕೋಣೆ, ಅಲ್ಲಿಂದ ಶ್ವಾಸಕೋಶ. ಶುದ್ಧವಾದ ಮೇಲೆ ನೇರವಾಗಿ ಮೈಗೆಲ್ಲ ಹೋಗುತ್ತೆ. ಬಲಗಡೆ ಎರಡು ಕೋಣೆ ಖಾಲಿ."

"ಖಾಲಿಯಾ?" ಎಂದರು ಡಾಕ್ಟರಮ್ಮ.

ಇದು ಪಾಠದಲ್ಲಿರಲಿಲ್ಲ. ಆದರೂ ಅವಳು ಎದೆಗುಂದಲಿಲ್ಲ. "ಹೌದು ಮೇಡಂ. ಕಷ್ಟಕಾಲಕ್ಕಿರ್ಲಿ ಅಂತ ದೇವರು ಇಟ್ಟಿದ್ದಾನೆ."

ಗುಂಪಿನಲ್ಲಿದ್ದ ಗಿರಣಿಯವನು ಮೆಚ್ಚಿ ತಲೆದೂಗಿದ.

"ಸ್ವಲ್ಪ ಹಿಂದೆ ತಿರುಗಿ ನೋಡಮ್ಮ."

ತಿರುಗಿದಳು. ಕೋಲು ಕೆಳಗಿಳಿಯಿತು. ಪೇಂಟರು ಜನರನ್ನು ಸೀಳಿಕೊಂಡು ಮುಂದೆ ಬಂದ.

"ಅವಳದ್ದೇನೂ ತಪ್ಪಿಲ್ಲ ಮೇಡಂ! ಎಲ್ಲಾ ಗೋಡೇದೇ ತಪ್ಪು!"

"ಗೋಡೆ ಸರಿಯಾಗೇ ಇದೆಯಲ್ಲಪ್ಪ?"

"ಈಗ ಸರಿಯಾಗಿದೆ ಮೇಡಂ. ಅದೇ ತಪ್ಪು."

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕದ್ದರಿಂದ ಕೆಲಸ ಹೋಗಲಿಲ್ಲ, ಕಾಯಂ ಆಗಲೂ ಇಲ್ಲ. ಮುಂದಿನ ತಿಂಗಳು ಬಂದು ಮತ್ತೆ ಕೇಳುತ್ತೇನೆ ಎಂದು ಜೀಪು ಹತ್ತಿದರು.

ಮನೆಗೆ ಬಂದ ಪೇಂಟರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಚಹಾದಂಗಡಿ, ದರ್ಜಿ, ಗಿರಣಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಹೆಂಡತಿ ಗೋಡೆಗೊರಗಿ ಕಾಲು ಚಾಚಿಕೊಂಡು ಕೇಳಿಸಿಕೊಂಡಳು. ಒಲೆ ತಣ್ಣಗಿತ್ತು.

"ಊಟಕ್ಕೆ...?" ಎಂದ ಮೆಲ್ಲಗೆ.

"ಹಿಟ್ಟು ಗಿರಣೀಲೇ ಇದೆ. ಅಲ್ಲಿಂದ ನೇರ ನಿಮ್ಮ ಹೊಟ್ಟೆಗೆ ಹೋಗುತ್ತೆ. ನಡುವೆ ನನ್ನ ಅಡಿಗೆಮನೆಗೆ ಯಾಕೆ ಬರ್ಬೇಕು? ಡಬಲ್ ಕೆಲಸ."

ಪೇಂಟರು ಹೂಂ ಎಂದ.