ಲಾಡ್ಜಿನ ಎಂಟನೇ ಒಗಟು

ಚಿತ್ರದುರ್ಗದಲ್ಲಿ ಪರವೂರಿನವರನ್ನು ಅವರ ಪಾಡಿಗೆ ತಿರುಗಾಡಲು ಬಿಟ್ಟು ನೋಡಿ, ಏನಾದರೊಂದು ಆಗದೆ ಇರುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹಳೇ ಪೇಟೆಯ ಅಂಚಿನಲ್ಲಿ ನನ್ನದೊಂದು ಸಣ್ಣ ಲಾಡ್ಜು ಇದೆ, ಅದರ ಹಿಂದೆಯೇ ನಮ್ಮ ಮನೆ. ಬೆಳಗ್ಗೆ ಬಿಸಿನೀರು ಸುಮ್ಮನೆ ಹರಿಯಬಿಡುವವರನ್ನು ಗದರಿಸಿಕೊಂಡು, ಸಂಜೆ ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು ಕಂಡು ಗೊಣಗಿಕೊಂಡು, ಕೌಂಟರಿನ ಮರದ ಕುರ್ಚಿಯಲ್ಲೇ ನನ್ನ ಆಯಸ್ಸು ಕಳೆದಿದೆ.

ಬಂದವರೆಲ್ಲ ಕೋಟೆ ಹತ್ತಿ, ಫೋಟೋ ತೆಗೆಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಿದ್ದರು. ಕೋಟೆಯ ಕೆಳಗೆ ಒಂದು ಊರಿದೆ, ಅದರಲ್ಲಿ ನಾನು ಗೋಲಿ ಆಡಿದ ಓಣಿಗಳಿವೆ, ಕಾಲು ಇಳಿಬಿಟ್ಟು ಕೂರುತ್ತಿದ್ದ ಸಂತೆ ಹೊಂಡದ ಮೆಟ್ಟಿಲುಗಳಿವೆ ಎಂದು ಒಬ್ಬರಿಗೂ ತೋಚುತ್ತಿರಲಿಲ್ಲ. ನನಗೆ ಇದು ಹೊಟ್ಟೆ ಉರಿಯುವ ವಿಷಯ. ಒಮ್ಮೆ ತಂಗಿದ್ದವರೊಬ್ಬರು, ತಾವು ಯಾವುದೋ ದೇಶದ ಹಳೇ ಊರನ್ನು ಗೈಡ್ ಇಲ್ಲದೆ, ಒಗಟಿನ ಚೀಟಿ ಹಿಡಿದುಕೊಂಡು, ಒಂದೊಂದೇ ಒಗಟು ಬಿಡಿಸುತ್ತ ನೋಡಿದ್ದನ್ನು ವರ್ಣಿಸಿದರು. ನಾನು ಹೂಂ ಅಂದು ಸುಮ್ಮನಾದೆ. ನನ್ನ ಹೆಂಡತಿ ಸುಮ್ಮನಾಗಲಿಲ್ಲ.

ಅವಳು ಹೊಸದುರ್ಗದ ಕಡೆಯವಳು. ಒಗಟು, ಒಡಪು ಅಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ. ವಾರದೊಳಗೆ ಏಳು ಜಾಗಕ್ಕೆ ಏಳು ಒಗಟು ಕಟ್ಟಿ, ಎಂಟನೆಯದೊಂದನ್ನು ಕೊನೆಗೆ ಸೇರಿಸಿ ಜೆರಾಕ್ಸ್ ಮಾಡಿಸಿದಳು. ಎಂಟನ್ನೂ ಬಿಡಿಸಿ ಬಂದವರಿಗೆ ನಮ್ಮ ಮನೆಯಲ್ಲಿ ಹೋಳಿಗೆ ಊಟ. ಎಂಟನೆಯದು ಹೀಗಿತ್ತು:

ಏಳು ಸುತ್ತಿನ ಕೋಟೆ ದಾಟಿ ಬಂದೆ,
ಎಂಟನೇ ಬಾಗಿಲಾಗೆ ಒಂದು ಬಂಡೆ ಕಂಡೆ.
ಬೀಗದಕೈ ಎಲ್ಲಾ ಅದರ ಕೈಯಾಗೆ,
ಕುಂತ ಜಾಗ ಬಿಡಲ್ಲ ಮಳೆ ಬಿಸಿಲಾಗೆ.
ಬೆಳಗ್ಗೆ ಗುಡುಗತೈತೆ, ಸಂಜೆ ಗೊಣಗತೈತೆ,
ದಣಿದು ಬಂದೋರಿಗೆ ಜಾಗ ಕೊಡತೈತೆ.

ಇದು ಯಾವ ಜಾಗ ಎಂದು ಕೇಳಿದೆ. ಹುಟ್ಟಿದ್ದು ದುರ್ಗದಲ್ಲಿ, ಇಲ್ಲಿಯ ಕಲ್ಲು ಕಲ್ಲೂ ಗೊತ್ತು ಅಂತ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುವವನು ನಾನು. ಅವಳು, "ನೀವು ದುರ್ಗದೋರಲ್ವ, ನೀವೇ ಹುಡುಕ್ರಿ" ಅಂದಳು.

ಮೊದಲನೇ ಜೋಡಿ

ಮೊದಲು ಚೀಟಿ ಹಿಡಿದು ಹೊರಟದ್ದು ಹೊಸದಾಗಿ ಮದುವೆಯಾದ ಒಂದು ಜೋಡಿ. ಯಾರನ್ನೂ ಕೇಳಬಾರದು, ನೀವೇ ಹುಡುಕಬೇಕು ಎಂದು ನಾನು ಎರಡೆರಡು ಸಲ ಹೇಳಿ ಕಳಿಸಿದೆ. ಅವರು ಪಾಪ ಯಾರನ್ನೂ ಕೇಳಲಿಲ್ಲ. ದೊಡ್ಡಪೇಟೆಯಲ್ಲಿ ಒಂದು ಅಂಗಡಿಯ ನೆರಳಿಗೆ ನಿಂತು ಮೊದಲನೇ ಒಗಟನ್ನು ಓದಿಕೊಂಡರು, ಅಷ್ಟೆ.

ನಮ್ಮೂರಲ್ಲಿ ಇಬ್ಬರು ಕಾಗದ ಹಿಡಿದು ಅತ್ತಿತ್ತ ನೋಡಿದರೆ ಉಳಿದವರಿಗೆ ಕೈಕಾಲು ನಿಲ್ಲುವುದಿಲ್ಲ. ಅಂಗಡಿಯವರು ಬಂದು ಚೀಟಿ ಇಸಿದುಕೊಂಡರು. ಎದುರಿನ ಟೈಲರ್ ಮಿಷನ್ ಬಿಟ್ಟು ಎದ್ದು ಬಂದರು. ರಂಗಯ್ಯನ ಬಾಗಿಲು ಅಂತ ಒಬ್ಬರು, ಅಲ್ಲವೇ ಅಲ್ಲ ಅಂತ ಇನ್ನೊಬ್ಬರು. ವಾದ ಜೋರಾಗಿ, ಹೋಗೇ ನೋಡಾಣ ಅಂತ ಐದಾರು ಜನ ಚೀಟಿ ಸಮೇತ ಹೊರಟೇಬಿಟ್ಟರು.

ಮಧ್ಯಾಹ್ನ ನನ್ನ ಕೌಂಟರಿಗೆ ಬಂದದ್ದು ಜೋಡಿಯಲ್ಲ, ಆ ಟೈಲರ್. ಬೆವರು ಒರೆಸಿಕೊಂಡು ಚೀಟಿ ಮುಂದಿಟ್ಟು, ಏಳು ಆದವು, ಎಂಟನೇದು ಮಾತ್ರ ಯಾವ ಮುದುಕರಿಗೂ ಹೊಳೀಲಿಲ್ಲ, ಅರ್ಧ ಊಟನಾದ್ರೂ ಹಾಕ್ತೀರೇನು ಎಂದು ಕೇಳಿದರು. ನನಗೆ ಗಾಬರಿಯಾಯಿತು. ಚೀಟಿ ಒಯ್ದಿದ್ದ ಗಂಡ ಹೆಂಡತಿ ಎಲ್ಲಿ ಎಂದು ಕೇಳಿದೆ.

"ಅವ್ರ ಚಿಂತೆ ಬಿಡ್ರಿ" ಅಂದರು ಟೈಲರ್. "ಅವ್ರು ನಮ್ಮನೇಲಿ ಉಣ್ತಾ ಅದಾರೆ."

ಬಸವನ ಕಿವಿ

ಐದನೇ ಒಗಟಿನ ಉತ್ತರ ಒಂದು ಓಣಿಯ ಸಣ್ಣ ಗುಡಿಯ ಕಲ್ಲಿನ ಬಸವ. ಅದರ ಎಡಗಿವಿ ಯಾವ ಕಾಲದಲ್ಲೋ ಮುರಿದುಹೋಗಿತ್ತು. ಹುಡುಗರಾಗಿದ್ದಾಗ ಪರೀಕ್ಷೆಗೆ ಮೊದಲು ನಾವೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಪಾಸು ಮಾಡಿಸಪ್ಪ ಎಂಬುದನ್ನು ಬಲಗಿವಿಯಲ್ಲಿ ಹೇಳುವುದು, ನಾಳೆಯಿಂದ ಚೆನ್ನಾಗಿ ಓದುತ್ತೇನೆ ಎಂಬುದನ್ನು ಇಲ್ಲದ ಎಡಗಿವಿಯ ಕಡೆ ಹೇಳುವುದು. ಆ ಬಸವನನ್ನು ನೆನೆದರೆ ಈಗಲೂ ನನಗೆ ಎಣ್ಣೆ ದೀಪದ ವಾಸನೆ ಬರುತ್ತದೆ.

ಒಂಟಿಕಿವಿಯ ಬಸವ ಎಲ್ಲಿ ಎಂದು ಹುಡುಕುತ್ತ ವಾರಕ್ಕೆ ನಾಲ್ಕು ಜನ ಬರತೊಡಗಿದರು. ಓಣಿಯವರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಎಲ್ಲೆಲ್ಲಿಂದಲೋ ಬಂದವರು ನಮ್ಮ ದೇವರ ಊನವನ್ನೇ ನೋಡಿಕೊಂಡು ಹೋಗುವುದೆಂದರೇನು ಎಂದು ಸಭೆ ಸೇರಿ, ಗಾರೆಯವರನ್ನು ಕರೆಸಿ, ಸಿಮೆಂಟಿನ ಕಿವಿ ಮಾಡಿಸಿದರು. ಆಮೇಲೆ ಹೋದವರು ಎರಡು ಕಿವಿ ನೋಡಿ ತಪ್ಪು ಬಸವ ಎಂದುಕೊಂಡು ಊರೆಲ್ಲ ಅಲೆದು ಬಂದರು.

ಹೆಂಡತಿ ಚೀಟಿ ತಿದ್ದಿ, ಒಂದು ಕಿವಿ ಕಲ್ಲು ಒಂದು ಕಿವಿ ಸಿಮೆಂಟು ಎಂದು ಬರೆದಳು. ಓಣಿಯವರಿಗೆ ಅದೂ ಮುಟ್ಟಿತು. ಇಡೀ ಬಸವನಿಗೆ ಬೆಳ್ಳಿ ಬಣ್ಣ ಹೊಡೆಸಿದರು. ನನಗೆ ರೇಗಿಹೋಯಿತು. ನೇರ ಹೋಗಿ, ನೂರಾರು ವರ್ಷದ ಬಸವನನ್ನು ಹೀಗೆ ಮಾಡಿದಿರಲ್ಲ ಎಂದು ಗುಡಿಯ ಪೂಜಾರರನ್ನು ಕೇಳಿದೆ.

ಅವರು ಶಾಂತವಾಗಿ ಹೇಳಿದರು: "ನೀವೆಲ್ಲ ಎಡಗಿವೀಲಿ ಹೇಳಿದ್ದು ಇಷ್ಟು ವರ್ಷ ಬಸವಂಗೆ ಕೇಳಿರ್ಲಿಲ್ಲ. ಇನ್ಮೇಲೆ ಕೇಳ್ತೈತೆ, ಹುಷಾರಾಗಿರ್ರಿ."

ಆಧಾರ್ ಕಾರ್ಡಿನ ಉಪಕಾರ

ಇಲ್ಲಿ ನನ್ನ ಹೆಸರಿನ ವಿಷಯ ಸ್ವಲ್ಪ ಹೇಳಬೇಕು. ಮನೆಯಲ್ಲಿ ಚಿಕ್ಕಂದಿನಲ್ಲಿ ನನ್ನನ್ನು ಪುಟ್ಟ ಅಂದರು. ಲಾಡ್ಜಿನಲ್ಲಿ ಓನರೇ ಅನ್ನುತ್ತಾರೆ, ಬೀದಿಯಲ್ಲಿ ಲಾಡ್ಜಣ್ಣ. ಅಸಲಿ ಹೆಸರು ಹಿಡಿದು ಕರೆದವರು ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಮೇಷ್ಟ್ರೊಬ್ಬರೇ. ಅವರು ಕೂಗಿದ ತಕ್ಷಣ ಎದ್ದು ನಿಂತು "ಪ್ರೆಸೆಂಟ್ ಸಾರ್" ಅನ್ನದಿದ್ದರೆ ಕಿವಿ ಹಿಂಡುತ್ತಿದ್ದರು.

ಹೆಂಡತಿಯಂತೂ ಒಂದು ದಿನವೂ ಹೇಳಿದವಳಲ್ಲ. ನಮ್ಮ ಕಡೆ ಹಳೇ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ ಮಾತ್ರ ಬಾಗಿಲು ತಡೆದು ಹೇಳಿಸುತ್ತಾರೆ. ಆಗಲೂ ಪ್ರಾಸ ಕಟ್ಟಿದ ನಾಲ್ಕು ಸಾಲು ಹೇಳಿ, ಅದರ ಬಾಲಕ್ಕೆ ಹೆಸರು ಸೇರಿಸುವುದು. ಅದೇ ಒಡಪು.

ನಮ್ಮ ಮದುವೆಯಲ್ಲಿ ಬಾಗಿಲಿಗೆ ಅಡ್ಡ ನಿಂತವರು ಹೊಳಲ್ಕೆರೆಯಿಂದ ಬಂದಿದ್ದ ಇವಳ ಚಿಕ್ಕಮ್ಮ. ವಾಲಗದವರು ನನ್ನ ಕಿವಿಯ ಪಕ್ಕದಲ್ಲೇ ಊದುತ್ತಿದ್ದರು. ಇವಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಎರಡು ಸಾಲಿಗೇ ನಿಲ್ಲಿಸಿದಳಂತೆ; ಬಾಯಿಗೆ ಸೆರಗು ಒತ್ತಿಕೊಂಡು, ಚಿಕ್ಕಮ್ಮನ ಕೈ ಕೆಳಗೆ ನುಸುಳಿ ಒಳಗೆ ಓಡಿಬಿಟ್ಟಳು. ಜನ ನಕ್ಕರು, ನಾನೂ ನಕ್ಕೆ. ಆದರೆ ಅವತ್ತಿನಿಂದ ಒಂದು ಅನುಮಾನ ನನ್ನೊಳಗೆ ಕೂತಿತು. ಹೇಳಲು ನಾಚಿಕೆಯಾಗಿತ್ತೋ, ಹೇಳುವ ಮನಸ್ಸೇ ಇರಲಿಲ್ಲವೋ? ಇಷ್ಟು ವರ್ಷ ಸಂಸಾರ ಮಾಡಿಯೂ ಅದನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ.

ಆಧಾರ್ ಕಾರ್ಡು ಬಂದದ್ದು ಅವಳಿಗೆ ಭಾರಿ ಅನುಕೂಲವಾಯಿತು. ಬ್ಯಾಂಕಿನಲ್ಲಾಗಲಿ ರೇಷನ್ ಅಂಗಡಿಯಲ್ಲಾಗಲಿ ಗಂಡನ ಹೆಸರು ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಾಳೆ. ಒಮ್ಮೆ ಜ್ವರ ಬಂದು ನನ್ನನ್ನು ಆಸ್ಪತ್ರೆಗೆ ಸೇರಿಸುವಾಗ ಕಾರ್ಡು ಮನೆಯಲ್ಲೇ ಉಳಿದಿತ್ತು. ಪೇಷಂಟಿನ ಹೆಸರೇನು ಎಂದು ನರ್ಸಮ್ಮ ಕೇಳಿದರೆ ಇವಳು ನೂರಮೂರು ಡಿಗ್ರಿ ಜ್ವರದಲ್ಲಿದ್ದ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು.

"ಏನ್ರಿ, ಅದೇನೋ ಕೇಳ್ತಾ ಅದಾರೆ, ಹೇಳಿ ಮಲಗ್ರಿ."

ನಾನೇ ಹುಡುಕಲು ಹೋದದ್ದು

ತಿಂಗಳುಗಟ್ಟಲೆ ಯಾರೂ ಎಂಟನೆಯದನ್ನು ಬಿಡಿಸಲಿಲ್ಲ. ಬಂದವರೆಲ್ಲ ನನ್ನನ್ನೇ ಕೇಳುವವರು. ಹೇಳಿದರೆ ಆಟ ಕೆಡುತ್ತದೆ ಎಂದು ಗತ್ತಿನಿಂದ ನಗುತ್ತಿದ್ದೆ. ಒಳಗೆ ಮಾತ್ರ ಮಾನ ಹೋಗುತ್ತಿತ್ತು.

ಬಂಡೆ, ದಣಿದವರಿಗೆ ಜಾಗ ಅಂದರೆ ಚಂದ್ರವಳ್ಳಿಯ ಗುಹೆ ಇರಬೇಕು ಎಂದುಕೊಂಡು ಒಂದು ಭಾನುವಾರ ಅಲ್ಲಿಗೆ ಹೋಗಿ ಬಂದೆ. ಗುಹೆ ಇತ್ತು, ಬೀಗದಕೈ ಇರಲಿಲ್ಲ. ಕೀಲಿ ಇರುವುದು ಕಾವಲಿನವರ ಹತ್ತಿರ, ಹಾಗಾದರೆ ಅವರು ನಿಂತು ಕಾಯುತ್ತಿದ್ದ ಕೋಟೆಯ ಬತೇರಿಯೇ ಸರಿ, ಗುಡುಗುವುದು ಗೊಣಗುವುದು ಅಲ್ಲಿಯ ಗಾಳಿ ಎಂದು ಲೆಕ್ಕ ಹಾಕಿದೆ. ಕರೆಂಟ್ ಆಫೀಸಿಗೆ ಹೋಗಿ ಬರುತ್ತೇನೆಂದು ಹೆಂಡತಿಗೆ ಹೇಳಿ, ಅವಳನ್ನು ಕೌಂಟರಿನಲ್ಲಿ ಕೂರಿಸಿ, ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಕೋಟೆ ಹತ್ತಿದೆ. ಮಂಡಿ ಎರಡೂ ನನ್ನನ್ನು ಬೈಯುತ್ತಿದ್ದವು.

ಮೇಲೆ ನಮ್ಮ ಲಾಡ್ಜಿನಲ್ಲೇ ಇಳಿದಿದ್ದ ಕಾಲೇಜು ಹುಡುಗಿಯರು ಎದುರಾದರು. ಸಾರ್, ಎಂಟನೇದು ಇಲ್ಲೇನಾ ಅಂದರು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ದೂರದ ಒಂದು ಬತೇರಿ ತೋರಿಸಿ, ಅಲ್ಲಿ ಹೋಗಿ ಕಿವಿಗೊಟ್ಟು ಕೇಳಿ ಎಂದು ಕಳಿಸಿ, ಕೆಳಗಿಳಿದು ಬಂದೆ.

ಬಂದು ನೋಡಿದರೆ ನಮ್ಮ ಮನೆಯಲ್ಲಿ ಹಿರಿಯೂರಿನ ಬೀಜದ ಅಂಗಡಿಯವರು ಎಲೆ ಮುಂದೆ ಕೂತು ಹೋಳಿಗೆ ಮುರಿಯುತ್ತಿದ್ದಾರೆ. ತಿಂಗಳಿಗೊಮ್ಮೆ ಬಂದು ತಂಗುವ ಆಸಾಮಿ, ಎಂಟನೆಯದನ್ನೂ ಬಿಡಿಸಿಬಿಟ್ಟಿದ್ದರು. ದುರ್ಗದವನಿಗೆ ಆಗದ್ದು ಹಿರಿಯೂರಿನವರಿಗೆ ಆಯಿತಲ್ಲ ಎಂದು ನನ್ನ ಜೀವ ಒಂದು ಹಿಡಿಯಾಯಿತು. ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ಸಿಗಲಿಲ್ಲ ಸ್ವಾಮಿ, ನಾನು ಬಂದಾಗ ಜಾಗದಾಗೆ ಇರ್ಲಿಲ್ಲ" ಎಂದು ಅವರು ನಗಲು ಹೋಗಿ ನೆತ್ತಿಗೆ ಹತ್ತಿಸಿಕೊಂಡರು. "ಆದ್ರೂ ಅಮ್ಮಾರು ಒಪ್ಕಂಡ್ರು."

ಕುಂತ ಜಾಗ ಬಿಡದ ಬಂಡೆ ಜಾಗದಲ್ಲಿ ಇಲ್ಲದಿರುವುದು ಹೇಗೆ? ಅಷ್ಟರಲ್ಲಿ ಹುಡುಗಿಯರೂ ಕೋಟೆಯಿಂದ ಇಳಿದು ಬಂದಿದ್ದರು. ಬತೇರಿಯ ಮೇಲೆ ಬಂಡೆಯೂ ಇಲ್ಲ, ಕೀಲಿಯೂ ಇಲ್ಲ, ಒಂದು ಮುದಿ ಕೋತಿ ಮಾತ್ರ ಕೂತಿತ್ತು, ಹತ್ತಿರ ಹೋದರೆ ಗೊಣಗಿತು ಎಂದು ನನ್ನ ಹೆಂಡತಿಯ ಮುಂದೆ ದೂರಿದರು.

ಅವಳು ನನ್ನ ಮುಖ ನೋಡಿ ಹುಡುಗಿಯರಿಗೆ ಹೇಳಿದಳು: "ಹತ್ರ ಬಂದೀರಿ ಕಣ್ರವ್ವ."

ಹೊಳಲ್ಕೆರೆ ಚಿಕ್ಕಮ್ಮ

ಹೋದ ಮಾಘದಲ್ಲಿ ಆ ಚಿಕ್ಕಮ್ಮ ಯಾರದೋ ಮದುವೆಗೆಂದು ದುರ್ಗಕ್ಕೆ ಬಂದವರು ನಮ್ಮಲ್ಲಿಗೂ ಬಂದರು. ಈಗ ಕೋಲು ಹಿಡಿದು ನಡೆಯುತ್ತಾರೆ, ಬಾಯಿ ಮಾತ್ರ ಮೊದಲಿನ ಹಾಗೇ ಇದೆ. ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಜನ ಚೀಟಿ ಹಿಡಿದು ಹೋಗಿ ಬರುವುದನ್ನು ನೋಡಿದರು. ಅದೇನು ಎಂದು ಕೇಳಿದರು. ಅಲ್ಲಿ ತಂಗಿದ್ದ ಮೇಡಂ ಒಬ್ಬರು, ಉಳಿದದ್ದೆಲ್ಲ ಆಯಿತಜ್ಜಿ, ಇದೊಂದು ಆಗುತ್ತಿಲ್ಲ ಎಂದು ಎಂಟನೆಯದನ್ನು ಓದತೊಡಗಿದರು.

ಎರಡು ಸಾಲು ಮುಗಿಯುವಷ್ಟರಲ್ಲಿ ಚಿಕ್ಕಮ್ಮ ಅಗಿಯುವುದನ್ನು ನಿಲ್ಲಿಸಿದರು. ಪೂರ್ತಿ ಕೇಳಿ, ಕೋಲು ಎತ್ತಿ ನೇರ ನನ್ನ ಎದೆಗೆ ಹಿಡಿದರು.

"ಅದೇ ಅಲ್ಲೇನವ್ವ ಆ ಬಂಡೆ."

ಲಾಡ್ಜಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನನ್ನ ಹಿಂದೆ ಬೋರ್ಡಿನಲ್ಲಿ ಸಾಲಾಗಿ ತೂಗುವ ಬೀಗದಕೈಗಳನ್ನು ನೋಡಿದರು. ಆಮೇಲೆ ನಾನು ಕೂತ ಕುರ್ಚಿ ನೋಡಿದರು. ಮೇಡಂ ಬಾಯಿ ಮುಚ್ಚಿಕೊಂಡು ನಕ್ಕರು. ಚಂದ್ರವಳ್ಳಿ ಗುಹೆ, ಕೋಟೆ, ಕೋತಿ, ಹಿರಿಯೂರಿನವರ ನಗು ಎಲ್ಲವೂ ಒಟ್ಟಿಗೆ ನನ್ನ ತಲೆಗೆ ಬಂದು ಹೊಡೆದವು. ಅವರು ಉತ್ತರ ಹಿಡಿದು ಬಂದ ದಿನ ಉತ್ತರವೇ ತನ್ನನ್ನು ಹುಡುಕಿಕೊಂಡು ಕೋಟೆ ಹತ್ತಿತ್ತು.

ಗದ್ದಲ ಕೇಳಿ ಹೆಂಡತಿ ಒಳಗಿನಿಂದ ಬಂದಳು, ಕೈಯಲ್ಲಿ ಲಟ್ಟಣಿಗೆ. ಚಿಕ್ಕಮ್ಮ ಎದ್ದು ಹೋಗಿ ಒಳಬಾಗಿಲಿಗೆ ಅಡ್ಡ ಕೋಲು ಹಿಡಿದರು. ಮೊದಲೆರಡು ಸಾಲು ಮದುವೆ ದಿನದ್ದೇ, ಗುಡುಗೋದು ಗೊಣಗೋದು ಆಮೇಲೆ ಸೇರಿಸಿದೀಯ ಅಂದರು. ಅವತ್ತು ಕೈ ಕೆಳಗೆ ನುಸುಳಿ ಹೋದೆ, ಇವತ್ತು ಹೆಸರು ಹೇಳದೆ ಒಳಗೆ ಬಿಡಲ್ಲ, ಅವತ್ತು ಯಾಕೆ ಹೇಳಲಿಲ್ಲ ಅದನ್ನೂ ಹೇಳು ಎಂದರು.

ನಾನು ಒಂದು ಜೀವಮಾನ ಕೇಳಲಾರದೆ ಉಳಿದದ್ದನ್ನು ಆ ಮುದುಕಿ ಎಲೆ ಅಡಿಕೆ ಜಗಿಯುತ್ತ ಕೇಳಿಬಿಟ್ಟಿದ್ದರು.

ಹೆಂಡತಿ ಲಟ್ಟಣಿಗೆಯ ಹಿಟ್ಟು ಕೆರೆಯುತ್ತ ಹೇಳಿದಳು: "ಆ ವಾಲಗದ ಸದ್ದಿನಾಗೆ ಇವ್ರಿಗೆ ಕೇಳ್ತಿರ್ಲಿಲ್ಲ ಚಿಕ್ಕವ್ವ. ಇವ್ರಿಗೆ ಕೇಳದಂಗೆ ಹೇಳಿ ಏನ್ ಉಪಯೋಗ? ಆಮೇಲೆ ಹೇಳಾಣ ಅಂದ್ಕಂಡೆ. ಆಮೇಲೆ ಯಾರೂ ಬಾಗಿಲು ತಡೀಲಿಲ್ಲ."

ನನ್ನ ಕಣ್ಣು ತುಂಬಿ ಬಂದವು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೇಡಂ ಹೋಗಿ ಕೌಂಟರಿನ ಎದುರು ಕೂಗುತ್ತಿದ್ದ ಟಿವಿ ಆಫ್ ಮಾಡಿದರು. ಹೆಂಡತಿ ನನ್ನ ಕಡೆ ನೋಡದೆ, ಬೀಗದಕೈ ಬೋರ್ಡಿನ ಕಡೆ ಮುಖ ಮಾಡಿ, ಏಳು ಸುತ್ತಿನ ಕೋಟೆಯಿಂದ ಶುರು ಮಾಡಿ ಒಂದೊಂದೇ ಸಾಲು ಹೇಳಿದಳು. ದಣಿದು ಬಂದೋರಿಗೆ ಜಾಗ ಕೊಡತೈತೆ ಎಂಬಲ್ಲಿಗೆ ಬಂದು ಲಟ್ಟಣಿಗೆಯನ್ನು ಕೌಂಟರಿನ ಮೇಲೆ ಇಟ್ಟಳು. ಆಮೇಲೆ ಲಾಡ್ಜಿಗೆಲ್ಲ ಕೇಳುವಂತೆ, ಸ್ಪಷ್ಟವಾಗಿ, ನನ್ನ ಹೆಸರು ಹೇಳಿದಳು.

ಇಷ್ಟು ವರ್ಷ ಕಾದ ಗಳಿಗೆ ಅದು. ಏನಾದರೂ ಒಳ್ಳೆಯ ಮಾತು ಆಡಬೇಕಾಗಿತ್ತು. ಆದರೆ ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನಾನು ಕುರ್ಚಿಯಿಂದ ದಡಕ್ಕನೆ ಎದ್ದು, ಕೈಕಟ್ಟಿ ನಿಂತು, "ಪ್ರೆಸೆಂಟ್ ಸಾರ್" ಅಂದೆ.

ಚಿಕ್ಕಮ್ಮನ ಕೋಲು ಕೆಳಗೆ ಬಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಹೆಂಡತಿ ಒಬ್ಬಳೇ ನಗಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಕುಂತ್ಕಳ್ರಿ" ಅಂದಳು. "ಕುಂತ ಜಾಗ ಬಿಡಲ್ಲ ಅಂತ ಹಾಕ್ಸೀನಿ, ಇನ್ನೂ ಒಂದು ಕಟ್ಟು ಜೆರಾಕ್ಸ್ ಉಳಿದೈತೆ."