ನಾನೇ ಕಟ್ಟಿದ ಗೋಡೆಗೆ ನಾನೇ ಟ್ರಸ್ಟಿ

ಬೇರೆಯವರ ಮನೆ ಕಾಯುವ ಅಧಿಕಾರ ಸಿಕ್ಕರೆ ಮನುಷ್ಯನಿಗೆ ತನ್ನ ಮನೆಯ ಮೇಲೆ ಎಂದೂ ಇಲ್ಲದ ಅಕ್ಕರೆ ಅದರ ಮೇಲೆ ಹುಟ್ಟಿಬಿಡುತ್ತದೆ. ಇದನ್ನು ನಾನು ಓದಿ ತಿಳಿದದ್ದಲ್ಲ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಕರಣೆ ಹಿಡಿದವನು ನಾನು. ಜಯನಗರ, ಬನಶಂಕರಿಗಳಲ್ಲಿ ನಾನು ಕಟ್ಟಿದ ಗೋಡೆಗಳು ಈಗಲೂ ನೆಟ್ಟಗೆ ನಿಂತಿವೆ. ಒಳಗೆ ವಾಸಿಸುವವರ ಬಗ್ಗೆ ಹಾಗೆ ಹೇಳಲಾರೆ.

ಎಪ್ಪತ್ತರ ದಶಕದ ಕೊನೆಯ ಮಾತು. ಬಟ್ಟೆ ವ್ಯಾಪಾರಿ ರುದ್ರಪ್ಪನವರಿಗೆ ಬನಶಂಕರಿಯಲ್ಲಿ ಚೌಕವಾಗಿ ಕೆತ್ತಿದ ಸೈಜುಗಲ್ಲಿನ ಮನೆ ಕಟ್ಟಿಕೊಟ್ಟಿದ್ದೆ. ಮಕ್ಕಳಿರಲಿಲ್ಲ ಅವರಿಗೆ. ಗಂಡ ತೀರಿಹೋಗಿದ್ದ ತಂಗಿ ಗೌರಮ್ಮನವರಿಗೆ ಮನೆ ಸೇರಬೇಕು, ಆದರೆ ನೆಂಟರು ಪುಸಲಾಯಿಸಿ ಮಾರಿಸಬಾರದು ಎಂದು ಟ್ರಸ್ಟು ಮಾಡಿ, ನನ್ನನ್ನು ಟ್ರಸ್ಟಿ ಮಾಡಿದರು. "ಮೇಸ್ತ್ರಿ, ನೀವು ಕಟ್ಟಿದ ಮನೆ, ನೀವೇ ನೋಡ್ಕೊಳ್ಳಿ" ಎಂದವರು ಆ ವರ್ಷವೇ ಹೋಗಿಬಿಟ್ಟರು. ಟ್ರಸ್ಟಿನ ಪತ್ರ ಬರೆದ ವಕೀಲರು ನನಗೆ ಬಿಡಿಸಿ ಹೇಳಿದರು: "ಕಾಗದದ ಮೇಲೆ ಮನೆ ಒಡೆಯ ನೀವು. ಅದರ ಅನುಭೋಗ ಎಲ್ಲಾ ಗೌರಮ್ಮನೋರ್ದು. ಅವರಿಗೋಸ್ಕರ ನೀವು ಕಾಪಾಡ್ಬೇಕು." ನಾನು ಮೊದಲನೇ ವಾಕ್ಯವನ್ನಷ್ಟೇ ಗಮನವಿಟ್ಟು ಕೇಳಿದೆ. ಸುದ್ದಗುಂಟೆಪಾಳ್ಯದ ನಮ್ಮ ಬೀದಿಯಲ್ಲಿ ಅಲ್ಲಿಯತನಕ ಯಾರೂ ಟ್ರಸ್ಟಿ ಆಗಿರಲಿಲ್ಲ. ಹೆಂಡತಿ ಮಾತ್ರ, "ಟ್ರಸ್ಟಿಗಳೇ, ನಮ್ಮನೆ ಸೋರೋ ಹೆಂಚು ಯಾವ ಟ್ರಸ್ಟಿಗೆ ಬರುತ್ತೆ?" ಎಂದಳು.

ಕೆಲವು ತಿಂಗಳ ಮೇಲೆ ಗೌರಮ್ಮನವರು ಕರೆಸಿದರು. "ಅಣ್ಣಾ, ಮುಂದಿನ ರೂಮಿಗೆ ರಸ್ತೆ ಕಡೆಯಿಂದ ಒಂದು ಬಾಗ್ಲು ಇಟ್ಕೊಡಿ. ಊಟದ ಮೆಸ್ ಮಾಡ್ತೀನಿ. ಎರಡು ಹೆಣ್ಮಕ್ಕಳನ್ನ ಓದಿಸ್ಬೇಕು."

ರಸ್ತೆ ಕಡೆಯ ಆ ಗೋಡೆ ನನ್ನ ಜೀವಮಾನದ ಗೋಡೆ. ತೂಕಗುಂಡು ಇಳಿಬಿಟ್ಟರೆ ಕೂದಲೆಳೆಯಷ್ಟೂ ವಾಲದು. "ರುದ್ರಪ್ಪನೋರು ಇದ್ದಂಗೇ ಕಾಪಾಡಿ ಅಂದವ್ರೆ ತಾಯಿ. ಆಗಕಿಲ್ಲ" ಎಂದೆ.

"ನಮ್ಮಣ್ಣ ಕಾಪಾಡಿ ಅಂದಿದ್ದು ನನ್ನನ್ನೋ, ಗೋಡೆನೋ?"

ನಾನು ಗೋಡೆಯನ್ನೊಮ್ಮೆ ಸವರಿ ಸೈಕಲ್ ಹತ್ತಿದೆ. ಕೆಲವೇ ದಿನಕ್ಕೆ ಗೌರಮ್ಮನವರು ಹಾಕಿದ ಕೇಸಿನ ಸಮನ್ಸ್ ಕೋರ್ಟಿನಿಂದ ಬಂತು.

ಗೋಡೆಯ ಗುಣಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು ಕೋರ್ಟಿಗೆ ಹೋಗಿದ್ದೆ. ಒಬ್ಬರೂ ಕೇಳಲಿಲ್ಲ. ನ್ಯಾಯಾಧೀಶರು, "ಈ ಟ್ರಸ್ಟು ಯಾರ ಒಳ್ಳೇದಕ್ಕೆ ಮಾಡಿದ್ದು, ಇಬ್ರೂ ಯೋಚ್ನೆ ಮಾಡಿ. ಕೂತು ಮಾತಾಡ್ಕೊಂಡು ಬನ್ನಿ" ಎಂದು ಮುಂದಿನ ತಾರೀಖು ಕೊಟ್ಟರು. ಹೊರಗೆ ಹೊಂಗೆ ಮರದಡಿ, ನನ್ನ ಪರ ನಿಂತಿದ್ದ ಅದೇ ವಕೀಲರು ನನ್ನನ್ನೇ ಬೈದರು. "ಬಾಗ್ಲು ಇಟ್ರೆ ಟ್ರಸ್ಟಿಗೇನೂ ಧಕ್ಕೆ ಇಲ್ಲ. ಹಟ ಮಾಡಿದ್ರೆ ನಿಮ್ಮನ್ನ ತೆಗ್ದು ಬೇರೆಯವ್ರನ್ನ ಹಾಕ್ತಾರೆ."

ಬೇರೆಯವರು ಎಂದರೆ ಬೇರೆ ಮೇಸ್ತ್ರಿಯೂ ಬರುತ್ತಾನೆ. ಒಪ್ಪಿದೆ, ಎರಡು ಷರತ್ತು ಹಾಕಿದೆ. ಗೋಡೆಗೆ ನಾನಲ್ಲದೆ ಯಾರೂ ಕೈ ಹಾಕಕೂಡದು. ಬಾಗಿಲ ಚೌಕಟ್ಟು ನಿಲ್ಲಿಸಿದಾಗ ಮನೆ ಒಡೆಯ ಮಾಡುವ ಪೂಜೆ, ಕಾಗದದ ಮೇಲೆ ಒಡೆಯನಾದ ನನ್ನ ಕೈಯಿಂದಲೇ ಆಗಬೇಕು. ಮೊದಲನೆಯದಕ್ಕೆ ಗೌರಮ್ಮನವರು ತಲೆಯಾಡಿಸಿದರು. ಎರಡನೆಯದಕ್ಕೆ ಮುಖ ಬಿಗಿಯಿತು. "ನೀವು ಪೂಜೆ ಮಾಡಿದ್ರೆ ನಾನು ನಿಮ್ಮನೆ ಬಾಡಿಗೆಯವಳಾಗ್ತೀನಿ. ಬೇಡ, ಕೇಸೇ ನಡೀಲಿ." ವಕೀಲರು ಹಣೆ ಒತ್ತಿಕೊಂಡು, "ಮೊದ್ಲು ಬಾಗ್ಲು ನಿಲ್ಲಲಿ. ಪೂಜೆ ವಿಷ್ಯ ಆಗ ನೋಡೋಣ, ರಾಜಿಗೆ ಆಮೇಲೆ ಸಹಿ ಹಾಕೋಣ" ಎಂದರು.

ಗೋಡೆ ಒಡೆದ ದಿನ ನಾನು ಊಟ ಮಾಡಲಿಲ್ಲ. ನಾನೇ ಕೂರಿಸಿದ ಕಲ್ಲು ನನಗೂ ಸುಲಭವಾಗಿ ಕಿತ್ತು ಬರಲಿಲ್ಲ. ಬೈಗುಳವೂ ಹೆಮ್ಮೆಯೂ ಒಟ್ಟಿಗೇ ಬಾಯಿಗೆ ಬಂದವು. ಚೌಕಟ್ಟು ನಿಲ್ಲಿಸುವ ದಿನ ವಕೀಲರೂ ಬಂದರು. ಪೂಜೆಗೆಂದು ನಾನು ತಂದ ಜರಿ ಶಲ್ಯ ಮೊಳೆಯಲ್ಲಿ ನೇತಾಡುತ್ತಿತ್ತು. ಗಂಡನಿಲ್ಲದವರು ಶುಭಕಾರ್ಯಕ್ಕೆ ಮುಂದೆ ಬರಬಾರದು ಎಂದು ಆಡಿಕೊಳ್ಳುವ ಅಕ್ಕಪಕ್ಕದವರು ನಾಲ್ಕು ಜನ ಬಂದಿದ್ದರಿಂದಲೋ ಏನೋ, ಗೌರಮ್ಮನವರು ವಿಭೂತಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

ಚೌಕಟ್ಟು ಎತ್ತಿದೆ, ತೂಕಗುಂಡು ಇಳಿಬಿಟ್ಟೆ, ಗಾರೆ ತುಂಬಿದೆ. ಎರಡೂ ಕೈಯಲ್ಲಿ ಚೌಕಟ್ಟನ್ನು ಹಿಡಿದು, ಇಷ್ಟು ವರ್ಷ ಪ್ರತಿ ಮನೆಯಲ್ಲೂ ಮಾಡಿದಂತೆ ಹಿಂದೆ ತಿರುಗದೆ ಕೂಗಿದೆ: "ಮನೆ ಒಡೇರು ಬನ್ನಿ."

ಯಾರೂ ಬರಲಿಲ್ಲ. ವಕೀಲರು ಕೆಮ್ಮಿದರು. "ಮೇಸ್ತ್ರಿ, ಒಡೆಯ ನೀವೇ ಅಲ್ವಾ?"

ಶಲ್ಯ ಅಲ್ಲೇ ಇತ್ತು. ಆದರೆ ಕೈ ಬಿಟ್ಟರೆ ಚೌಕಟ್ಟು ವಾಲುತ್ತದೆ. ವಾಲಿದ ಬಾಗಿಲಿಗೆ ಒಡೆಯನಾಗಿ ಏನು ಮಾಡಲಿ? ಚೌಕಟ್ಟು ಹಿಡಿದು ನಿಲ್ಲುವವನೂ ಪೂಜೆ ಮಾಡುವವನೂ ಒಬ್ಬನೇ ಆದ ಮನೆಯನ್ನು ನಾನು ಈವರೆಗೆ ಕಂಡಿರಲಿಲ್ಲ. ಇನ್ನೊಬ್ಬರಿಗೋಸ್ಕರ ಹಿಡಿದುಕೊಂಡಿರುವುದೇ ನನ್ನ ಕೆಲಸ ಎಂದು ಆ ವಕೀಲರು ಅಷ್ಟು ದಿನ ಹೇಳಿದ್ದು ಆಗ ಮೊಣಕೈಗೆ ಅರ್ಥವಾಯಿತು.

"ಬನ್ನಿ ತಾಯಿ," ಎಂದೆ, "ಗಾರೆ ಹಸಿ ಐತೆ, ಕೈ ನೋಯ್ತಾ ಐತೆ."

ಗೌರಮ್ಮನವರು ಅಕ್ಕಪಕ್ಕದವರನ್ನು ದಾಟಿಕೊಂಡು ಬಂದರು. ಮೂರು ಬೆರಳಲ್ಲಿ ಚೌಕಟ್ಟಿಗೆ ವಿಭೂತಿ ಹಚ್ಚಿದರು. ಯಾರೂ ಏನೂ ಆಡಿಕೊಳ್ಳಲಿಲ್ಲ, ನಾನು ಆ ನಾಲ್ವರನ್ನೇ ನೋಡುತ್ತಿದ್ದೆ. ಮುಂದಿನ ತಾರೀಖಿಗೆ ರಾಜಿ ಅರ್ಜಿಗೆ ಇಬ್ಬರೂ ಸಹಿ ಹಾಕಿದೆವು.

ಈಗ ಆ ಮೆಸ್ಸಿನಲ್ಲಿ ಮಧ್ಯಾಹ್ನ ಜಾಗ ಸಿಗುವುದಿಲ್ಲ. ನಾನೂ ಸರದಿಯಲ್ಲಿ ನಿಲ್ಲುತ್ತೇನೆ. ಗೌರಮ್ಮನವರು ಊಟಕ್ಕೆ ಬಂದವರಿಗೆಲ್ಲ "ಇವರು ನಮ್ಮ ಟ್ರಸ್ಟಿಗಳು" ಎಂದು ನನ್ನನ್ನು ತೋರಿಸುತ್ತಾರೆ. ಜನ ಗೌರವದಿಂದ ನೋಡುತ್ತಾರೆ. ಬಾಗಿಲ ಕಡೆ ಒಬ್ಬನೂ ನೋಡುವುದಿಲ್ಲ. ಅಯ್ಯಾ, ಟ್ರಸ್ಟಿ ಯಾರು ಬೇಕಾದರೂ ಆಗಬಹುದು, ಆ ಚೌಕಟ್ಟು ಕೂರಿಸಿದವನು ನಾನು ಎಂದು ಹೇಳೋಣವೆಂದರೆ, ಅಷ್ಟು ಹೊತ್ತಿಗೆ ಬಾಯಲ್ಲಿ ಮುದ್ದೆ ಇರುತ್ತದೆ.