ಹಿಂಬದಿ ಗಾಜಿನ ಕಂದು ಗೆರೆಗಳನ್ನು ಕೆರೆಯದಿರುವ ಕುರಿತು

ವಾಹನ ಶಾಖೆ
ಸುತ್ತೋಲೆ ಕ್ರಮಾಂಕ: ವಾಶಾ/ಗಾಜು/ಗೆರೆ/12

ವಿಷಯ: ಕಚೇರಿ ಕಾರುಗಳ ಹಿಂಬದಿ ಗಾಜಿನಲ್ಲಿ ಕಾಣುವ ಗೆರೆಗಳು ಕೊಳೆಯಲ್ಲ, ಆಂಟೆನಾ ಎಂಬ ಬಗ್ಗೆ.

ಉಲ್ಲೇಖ:
1) ಇದೇ ಶಾಖೆಯ ಸುತ್ತೋಲೆ ಕ್ರಮಾಂಕ 11, ‘ಹಿಂಬದಿ ಗಾಜಿನ ಕಂದು ಗೆರೆಗಳನ್ನು ಕೂಡಲೇ ಕೆರೆದು ತೆಗೆಯುವ ಕುರಿತು’.
2) ನಾಲ್ಕನೇ ನಂಬರ್ ಕಾರಿನ ಚಾಲಕರ ಮೌಖಿಕ ಹೇಳಿಕೆ.
3) ವೈರಿಂಗ್ ಅಂಗಡಿಯ ಒಡತಿಯ ಬೈಗುಳ (ಲಿಖಿತ ರೂಪದಲ್ಲಿ ಲಭ್ಯವಿಲ್ಲ).

* * *

ಕಳೆದ ಸೋಮವಾರದ ಸ್ವಚ್ಛತಾ ತಪಾಸಣೆಯಲ್ಲಿ ನಾಲ್ಕನೇ ನಂಬರ್ ಕಾರಿನ ಹಿಂಬದಿ ಗಾಜಿನ ಮೇಲೆ ಅಡ್ಡಡ್ಡಲಾಗಿ ಹದಿನಾಲ್ಕು ಕಂದು ಗೆರೆಗಳಿರುವುದು ಅಧೀಕ್ಷಕರ ಗಮನಕ್ಕೆ ಬಂದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೂ, ಸೋಪು ಹಚ್ಚಿದರೂ, ಗದರಿದರೂ ಅವು ಹೋಗದ ಕಾರಣ ಉಲ್ಲೇಖ (1)ರ ಸುತ್ತೋಲೆಯನ್ನು ಹೊರಡಿಸಲಾಗಿತ್ತು. ಸದರಿ ಸುತ್ತೋಲೆಯಿಂದ ಉಂಟಾದ ಪರಿಣಾಮಗಳನ್ನು ಪರಿಶೀಲಿಸಿ, ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಯಾವ ಸುತ್ತೋಲೆಗೂ ಎದುರು ನುಡಿಯದ ಸದರಿ ಚಾಲಕರು (ಕಚೇರಿಯಲ್ಲಿ ಎಲ್ಲರೂ ಕರೆಯುವಂತೆ ‘ಡ್ರೈವರಣ್ಣ’) ಮಂಗಳವಾರ ಬೆಳಗ್ಗೆ ಬ್ಲೇಡು ಹಿಡಿದು ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಕುಳಿತು, ಮೇಲಿನ ಗೆರೆಯಿಂದ ಆರಂಭಿಸಿದರು. ಎರಡು ಬೆರಳಗಲ ಕೆರೆಯುವಷ್ಟರಲ್ಲಿ, ಸಣ್ಣ ದನಿಯಲ್ಲಿ ಹಾಡುತ್ತಿದ್ದ ಕಾರಿನ ರೇಡಿಯೋ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಎಂದು, ಆಮೇಲೆ ಬರೀ ಬುಸುಗುಟ್ಟತೊಡಗಿತು. ಬ್ಲೇಡಿಗೂ ರೇಡಿಯೋಗೂ ಏನು ಸಂಬಂಧವೆಂದು ತಿಳಿಯದೆ ಅವರು ಗುಂಡಿಯನ್ನು ಅತ್ತಿತ್ತ ತಿರುಗಿಸಿದರು. ತಲೆಯ ಮೇಲೆ ಒಂದೆರಡು ಸಲ ತಟ್ಟಿದರು (ರೇಡಿಯೋದ ತಲೆಯ ಮೇಲೆ ಎಂದು ಓದಿಕೊಳ್ಳತಕ್ಕದ್ದು).

2. ಆ ದಿನ ಅವರ ಮುಖ ಏಕೆ ಸಪ್ಪೆಯಾಯಿತು ಎಂಬುದನ್ನು ಶಾಖೆಯು ತಡವಾಗಿ ಅರಿತಿದೆ. ಅವರ ಮಗಳು ಅಂದು ಸಂಜೆ ನಾಲ್ಕೂ ಹತ್ತಕ್ಕೆ ಊರಿನ ಪುಟ್ಟ ರೇಡಿಯೋ ಕೇಂದ್ರದಲ್ಲಿ ಮೊದಲ ಬಾರಿಗೆ ಹವಾಮಾನ ವಾರ್ತೆ ಓದುವವಳಿದ್ದಳು. ಆ ಕೇಂದ್ರದ ಪ್ರಸಾರ ಮೊಬೈಲಿನಲ್ಲಿ ಸಿಗುವುದಿಲ್ಲ. ಉಳಿದ ಮೂರು ಕಾರುಗಳು ಹೊರಗೆ ಹೋಗಿದ್ದವು. ನಾಲ್ಕೂವರೆಗೆ ಅಧೀಕ್ಷಕರನ್ನು ಸಭೆಗೆ ಕರೆದೊಯ್ಯಬೇಕಿದ್ದುದರಿಂದ ಮನೆಗೆ ಹೋಗಿ ಕೇಳಲೂ ಆಸ್ಪದವಿರಲಿಲ್ಲ.

3. ಹುಡುಗಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ. ಅದರಲ್ಲೂ ‘ಮ’ ಅಕ್ಷರ ಬಂದರೆ ತುಟಿಗೆ ಬೀಗ ಬಿದ್ದಂತೆ. ಅಂಥವಳು ಮಳೆ, ಮೋಡ, ಮಂಜು, ಮಿಂಚು ಇವುಗಳಲ್ಲೇ ದಿನ ಕಳೆಯುವ ಕೆಲಸಕ್ಕೆ ಅರ್ಜಿ ಹಾಕಿದಾಗ ತಂದೆ ಬೇಡವೆಂದಿದ್ದರು. ಅವಳು ಕೊಟ್ಟ ಉತ್ತರವನ್ನು ಚಾಲಕರ ಹೇಳಿಕೆಯಿಂದ ಯಥಾವತ್ತಾಗಿ ದಾಖಲಿಸಲಾಗಿದೆ: “ಎಷ್ಟು ದಿನ ಅಂತ ಆ ಅಕ್ಷರದ ಬೀದಿ ತಪ್ಪಿಸ್ಕೊಂಡು ಓಡಾಡ್ಲಿ ಅಪ್ಪಾ? ಅದರ ಮನೆ ಎದುರಿಗೇ ಹೋಗಿ ಕೂತ್ಕೋತೀನಿ.”

4. ಮೂರೂ ಕಾಲಿಗೆ ಚಾಲಕರು ಕಾರನ್ನು ಹಿಂದಿನ ಬೀದಿಯ ವೈರಿಂಗ್ ಅಂಗಡಿಗೆ ಒಯ್ದರು. ಅಂಗಡಿಯ ಒಡತಿ ‘ವೈರಕ್ಕ’ ಗಾಜನ್ನು ನೋಡಿ, ಇದನ್ನು ಕೆರೆಯಲು ಹೇಳಿದ ಮಹಾನುಭಾವರ ಬುದ್ಧಿಯ ಬಗ್ಗೆ ವ್ಯಕ್ತಪಡಿಸಿದ ಅಭಿಪ್ರಾಯವನ್ನು ಉಲ್ಲೇಖ (3)ರಲ್ಲಿ ಅಡಕಗೊಳಿಸಲಾಗಿದೆ. ನಂತರ ಆಕೆ ವಿವರಿಸಿದ್ದು ಸಿಬ್ಬಂದಿಯ ತಿಳಿವಳಿಕೆಗಾಗಿ:

(ಅ) ಕಾರೆಂದರೆ ತಗಡಿನ ಡಬ್ಬಿ. ರೇಡಿಯೋ ಅಲೆ ತಗಡನ್ನು ತೂರಿ ಒಳಗೆ ಬರದು. ಗಾಜು ಅದಕ್ಕೆ ಬಾಗಿಲಿದ್ದಂತೆ. ಮೊದಲೆಲ್ಲ ಕಾರಿನ ನೆತ್ತಿಯ ಮೇಲೆ ಕಡ್ಡಿ ಇರುತ್ತಿತ್ತು. ಈಗ ಆ ಕಡ್ಡಿಯ ಕೆಲಸವನ್ನು, ಬೆಳ್ಳಿಪುಡಿ ಬೆರೆಸಿ ಗಾಜಿನ ಮೇಲೆ ಅಚ್ಚೊತ್ತಿದ ಈ ಗೆರೆಗಳು ಮಾಡುತ್ತವೆ.

(ಆ) ಈ ಕಾರಿನಲ್ಲಿ ಮೇಲಿನ ಮೂರು ಗೆರೆ ಅಲೆ ಹಿಡಿಯುವುದಕ್ಕೆ. ಕೆಳಗಿನ ಹನ್ನೊಂದು ಬಿಸಿಯಾಗಿ ಗಾಜಿನ ಮಬ್ಬು ಕರಗಿಸುವುದಕ್ಕೆ. ಕೆಲವು ಕಾರುಗಳಲ್ಲಿ ಒಂದೇ ಗೆರೆ ಎರಡೂ ಕೆಲಸ ಮಾಡುತ್ತದೆ. (ಇದನ್ನು ಕಚೇರಿಯಲ್ಲಿ ಮಾದರಿಯಾಗಿ ಸ್ವೀಕರಿಸುವ ಬಗ್ಗೆ ಸಿಬ್ಬಂದಿ ಸಂಘದ ಆಕ್ಷೇಪಣೆ ಬಂದಿದೆ.)

(ಇ) ಗೆರೆಗೆ ಸಿಗುವ ಅಲೆ ಬಲು ಕ್ಷೀಣ, ಪಿಸುಮಾತಿನಷ್ಟು. ಗಾಜಿನ ಪಕ್ಕದಲ್ಲಿ ಕಾರಿನ ಚಾವಣಿ ಹೊತ್ತ ಕಂಬದೊಳಗೆ ಅಡಗಿರುವ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದು ಅದಕ್ಕೆ ಬಲ ತುಂಬಿ ರೇಡಿಯೋಗೆ ದಾಟಿಸುತ್ತದೆ. ಚಾಲಕರ ಬ್ಲೇಡು ಕತ್ತರಿಸಿದ್ದು ಗೆರೆ ಆ ಪೆಟ್ಟಿಗೆಯ ತಂತಿಯನ್ನು ಸೇರುವ ತುದಿಯಲ್ಲೇ. ಹೀಗಾಗಿ ಹಿಡಿದದ್ದೆಲ್ಲ ಗಾಜಿನಲ್ಲೇ ಉಳಿಯಿತು.

5. ವೈರಕ್ಕ ತುಂಡಾದ ಜಾಗದ ಮೇಲೂ ಕೆಳಗೂ ಟೇಪು ಅಂಟಿಸಿ, ನಡುವೆ ಬೆಳ್ಳಿಬಣ್ಣ ಬಳಿದು, ಒಣಗುವವರೆಗೆ ಯಾರೂ ಮುಟ್ಟಕೂಡದೆಂದು ಹೇಳಿ, ಕಚೇರಿಯ ಅಂಗಳದವರೆಗೆ ತಾವೇ ಜೊತೆಗೆ ಬಂದರು. ಆಗ ಗಂಟೆ ನಾಲ್ಕಕ್ಕೆ ಹತ್ತು ನಿಮಿಷ. ಕ್ಷೌರದಂಗಡಿಯಿಂದ ಕೂದಲು ಒಣಗಿಸುವ ಯಂತ್ರ ತರಿಸಲಾಯಿತು. ಅದನ್ನು ಹದಿನೈದು ನಿಮಿಷ ಕೈ ಬದಲಿಸದೆ ಗಾಜಿನತ್ತ ಹಿಡಿದವರು, ವಿಷಯ ತಿಳಿದು ಅಂಗಳಕ್ಕೆ ಇಳಿದು ಬಂದ ಸ್ವತಃ ಅಧೀಕ್ಷಕರು. ಇದನ್ನು ಪ್ರಾಯಶ್ಚಿತ್ತವೆಂದು ಯಾರೂ ಭಾವಿಸತಕ್ಕದ್ದಲ್ಲ. ಅದು ಮೇಲ್ವಿಚಾರಣೆ.

6. ನಾಲ್ಕೂ ಹತ್ತಕ್ಕೆ ರೇಡಿಯೋ ಮಾತಾಡಿತು. ಟೈಪಿಸ್ಟು, ಜವಾನರು, ಕಾವಲುಗಾರರು, ಸಹಿಗೆಂದು ಬಂದಿದ್ದ ಸಾರ್ವಜನಿಕರಿಬ್ಬರು ಕಾರಿನ ನಾಲ್ಕೂ ಬಾಗಿಲಿಗೆ ಜೇನುಹುಳುಗಳಂತೆ ಮುತ್ತಿಕೊಂಡಿದ್ದರು. ಹುಡುಗಿಯ ದನಿ ತಿಳಿಯಾಗಿ ಬಂತು. ಗಾಳಿಯ ವೇಗ ಹೇಳಿದಳು, ಉಷ್ಣಾಂಶ ಹೇಳಿದಳು. “ನಾಳೆ ಸಂಜೆ” ಎಂದಳು. ಆಮೇಲೆ ದನಿಯೇ ಇಲ್ಲ.

7. ಬಣ್ಣ ಬಿಟ್ಟುಕೊಂಡಿತೆಂದು ವೈರಕ್ಕ ಗಾಜಿನತ್ತ ಕೈ ಚಾಚಿದರು. ಅಧೀಕ್ಷಕರು ಮತ್ತೆ ಯಂತ್ರ ಎತ್ತಿಕೊಂಡರು. ಸ್ಟೇರಿಂಗಿನ ಮೇಲೆ ಕೈಯಿಟ್ಟು ಕುಳಿತಿದ್ದ ಚಾಲಕರು ತಿರುಗಿ ನೋಡದೆ ಹೇಳಿದ ಮಾತು ಹೀಗಿದೆ: “ಗಾಜು ಸರಿಯಾಗಿದೆ, ಮುಟ್ಬೇಡಿ. ಅವಳು ಉಸಿರು ತಗೋತಿದಾಳೆ.”

8. ಕಾವಲುಗಾರರ ಗಡಿಯಾರದ ಪ್ರಕಾರ ಆರು ಸೆಕೆಂಡು. ಅಷ್ಟೂ ಹೊತ್ತು ಅಂಗಳದಲ್ಲಿ ಬೇರೆ ಯಾರೂ ಉಸಿರು ತೆಗೆದುಕೊಳ್ಳಲಿಲ್ಲ. ಆಮೇಲೆ “ಮಳೆಯಾಗುವ ಸಾಧ್ಯತೆ ಇದೆ” ಎಂದು ಬಂತು. ಚಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಜು ಒರೆಸುವ ಇಲಾಖಾ ಬಟ್ಟೆಯನ್ನು ಸ್ವಂತಕ್ಕೆ ಬಳಸಿದ್ದನ್ನು ಈ ಒಂದು ಸಲಕ್ಕೆ ಮನ್ನಿಸಲಾಗಿದೆ. ಅಧೀಕ್ಷಕರು ಸಭೆಗೆ ಇಪ್ಪತ್ತು ನಿಮಿಷ ತಡವಾಗಿ ತಲುಪಿದರು. ಬೇಗ ಹೊರಡು ಎಂದು ಅವರು ಹೇಳಲಿಲ್ಲ.

9. ಆದ್ದರಿಂದ ಉಲ್ಲೇಖ (1)ರ ಸುತ್ತೋಲೆಯನ್ನು ಹಿಂಪಡೆದು ಆದೇಶಿಸಿರುವುದೇನೆಂದರೆ:

(ಅ) ಯಾವುದೇ ಗೆರೆಯನ್ನು ಅದರ ಉದ್ಯೋಗವೇನೆಂದು ವಿಚಾರಿಸದೆ ಅಳಿಸತಕ್ಕದ್ದಲ್ಲ. ಹಣೆಯ ಮೇಲಿನ ಗೆರೆಗಳು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

(ಆ) ಬಿಸಿಲು ತಡೆಯಲು ಗಾಜಿಗೆ ಲೋಹ ಬೆರೆತ ಹಾಳೆ ಅಂಟಿಸಬಾರದು. ಹಾಗೆ ಮಾಡುವುದೆಂದರೆ ಬಾಗಿಲಿಗೆ ಬೀಗ ಜಡಿದು ನೆಂಟರಿಗೆ ಕಾಯ್ದಂತೆ.

(ಇ) ಹವಾಮಾನ ವಾರ್ತೆಯ ನಡುವಿನ ಮೌನವನ್ನು ಹತ್ತು ಸೆಕೆಂಡಿನವರೆಗೆ ದೋಷವೆಂದು ಪರಿಗಣಿಸುವಂತಿಲ್ಲ. ಆ ಅವಧಿಯಲ್ಲಿ ಕೆಮ್ಮುವವರು ಪೂರ್ವಾನುಮತಿ ಪಡೆಯತಕ್ಕದ್ದು.

10. ಬುಧವಾರ ಸಂಜೆ ಆಕಾಶ ಕನ್ನಡಿಯಷ್ಟು ಸ್ವಚ್ಛವಾಗಿತ್ತು, ಒಂದು ಹನಿಯೂ ಬೀಳಲಿಲ್ಲ. ಆದರೂ ಸದರಿ ಚಾಲಕರು ಕಚೇರಿಯ ಮೆಟ್ಟಿಲಲ್ಲೇ ಛತ್ರಿ ಬಿಚ್ಚಿ, ಇಳಿಬಿಸಿಲಿನಲ್ಲಿ, ಬೀದಿಯ ನಟ್ಟನಡುವೆ ಮನೆಗೆ ನಡೆದು ಹೋದರು. ಅದನ್ನು ಮಡಚುವಂತೆ ಅವರಿಗೆ ಯಾರೂ ಸೂಚಿಸತಕ್ಕದ್ದಲ್ಲ.

ಸಹಿ/-
ಅಧೀಕ್ಷಕರು, ವಾಹನ ಶಾಖೆ
(ಬಲಗೈ ತೋಳು ನೋವಿನ ನಿಮಿತ್ತ ಎಡಗೈಯಲ್ಲಿ ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ಚಾಲಕರಿಗೆ, ಬ್ಲೇಡು ಹಿಂತಿರುಗಿಸುವ ಸೂಚನೆಯೊಂದಿಗೆ.
2. ಕ್ಷೌರದಂಗಡಿಯವರಿಗೆ, ಅರ್ಧ ತಲೆ ಒದ್ದೆಯಾಗಿ ಕಾದು ಕುಳಿತ ಗಿರಾಕಿಯ ಕ್ಷಮೆ ಕೋರಿ.
3. ವೈರಕ್ಕನವರಿಗೆ, ಅಭಿಪ್ರಾಯವನ್ನು ಸಭ್ಯ ಭಾಷೆಯಲ್ಲಿ ಬರೆದು ಕಳಿಸುವಂತೆ ಕೋರಿ.
4. ಹವಾಮಾನ ವಾಚಕಿಯವರಿಗೆ, ತಂದೆಯ ಮುಖಾಂತರ. ಉತ್ತರಕ್ಕೆ ಅವಸರವಿಲ್ಲ.
5. ಕಚೇರಿ ಕಡತಕ್ಕೆ.